ಸಾಂಸ್ಥಿಕ ಮನಃಶಾಸ್ತ್ರ: ಸ್ನಾತಕೋತ್ತರ ಪದವಿ ಆಯ್ಕೆಗೆ ಮುನ್ನ

ಮನಃಶಾಸ್ತ್ರವೆಂದರೆ ಮನೋರೋಗಗಳ ಚಿಕಿತ್ಸೆ ಎಂಬ ಭಾವನೆ ನಮ್ಮ ಗಡಿನಾಡಿನ ಮನೆಗಳಲ್ಲಿ ಸಾಮಾನ್ಯ. ಆದರೆ ಕಾರ್ಖಾನೆ, ಕಚೇರಿ, ಆಸ್ಪತ್ರೆಗಳಲ್ಲಿ ದುಡಿಯುವವರ ಮನಸ್ಸನ್ನೂ ಕೆಲಸದ ವ್ಯವಸ್ಥೆಯನ್ನೂ ಅಭ್ಯಸಿಸುವ ಶಾಖೆಯೊಂದುಂಟು. ಅದೇ ಸಾಂಸ್ಥಿಕ ಮನಃಶಾಸ್ತ್ರ.

ಗಿರಣಿಗಳ ಊರಾದ ಸೊಲ್ಲಾಪುರದ ಓದುಗರಿಗೆ ಒಂದು ನಿದರ್ಶನ ಬೇಗ ಮನವರಿಕೆಯಾದೀತು. ಅಹಮದಾಬಾದಿನ ಕ್ಯಾಲಿಕೊ ಗಿರಣಿಯಲ್ಲಿ ಸ್ವಯಂಚಾಲಿತ ಮಗ್ಗಗಳು ಬಂದರೂ ಉತ್ಪಾದನೆ ನಿರೀಕ್ಷೆಯಂತೆ ಏರಲಿಲ್ಲ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಅಲ್ಲಿ ಕೆಲಸ ಹಂಚಿದ ರೀತಿಯನ್ನು ಪರಿಶೀಲಿಸಿದರು. ಕೆಲಸಗಾರರ ಸಣ್ಣ ತಂಡಗಳಿಗೆ ತಲಾ ಒಂದು ಗುಂಪು ಮಗ್ಗಗಳ ಪೂರ್ಣ ಹೊಣೆ ವಹಿಸಿದ ಮೇಲೆ ಉತ್ಪಾದನೆ ಹೆಚ್ಚಿತು, ಬಟ್ಟೆಯ ಹಾನಿ ತಗ್ಗಿತು.

ಈ ವಿಷಯದ ಸ್ನಾತಕೋತ್ತರ ಪದವಿಯನ್ನು ಹೆಸರು ನೋಡಿ ಆರಿಸಲಾಗದು. ಮುಂಬೈ ವಿಶ್ವವಿದ್ಯಾಲಯದ ಅನ್ವಯಿಕ ಮನಃಶಾಸ್ತ್ರ ವಿಭಾಗದಲ್ಲಿ ಇದು ಕೈಗಾರಿಕಾ ಮನಃಶಾಸ್ತ್ರವೆಂಬ ಹೆಸರಿನಲ್ಲಿ ಬೆಳೆದುಬಂದಿದೆ. ಅದೇ ನಗರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಮಾನವ ಸಂಪನ್ಮೂಲ ನಿರ್ವಹಣೆ ಮತ್ತು ಕಾರ್ಮಿಕ ಸಂಬಂಧಗಳ ಎಂ.ಎ. ಇದಕ್ಕೆ ಹತ್ತಿರದ್ದಾದರೂ ಅದು ನಿರ್ವಹಣಾ ಶಿಕ್ಷಣ. ಆದ್ದರಿಂದ ಪಠ್ಯಕ್ರಮವನ್ನು ತರಿಸಿ ಮೂರು ಅಂಶಗಳನ್ನು ನೋಡಬೇಕು: ಸಂಖ್ಯಾಶಾಸ್ತ್ರ ಮತ್ತು ಸಂಶೋಧನಾ ವಿಧಾನ ಇವೆಯೇ? ಮಾನಸಿಕ ಪರೀಕ್ಷೆಗಳ ರಚನೆಯನ್ನು ಕಲಿಸುವರೇ? ಸಂಸ್ಥೆಯೊಂದರಲ್ಲಿ ಪ್ರಾಯೋಗಿಕ ತರಬೇತಿ ಕಡ್ಡಾಯವೇ? ಬಿ.ಎ.ಯಲ್ಲಿ ಮನಃಶಾಸ್ತ್ರ ಓದಿರಲೇಬೇಕೆಂಬ ನಿಯಮವೂ ಕೆಲವೆಡೆ ಇದೆ. ಪದವಿಗೆ ಸೇರುವಾಗಲೇ ಇದನ್ನು ಯೋಚಿಸಬೇಕು.

ಖರ್ಚಿಗೆ ಅಂಜಿ ಮನೆಯಿಂದಲೇ ಓದಿಸೋಣವೆನ್ನುವ ಪಾಲಕರು ಒಂದು ಬದಲಾವಣೆಯನ್ನು ಗಮನಿಸಬೇಕು. ಸಹಾಯಕ ಆರೋಗ್ಯ ವೃತ್ತಿಗಳ 2021ರ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು ದೂರಶಿಕ್ಷಣ ಹಾಗೂ ಆನ್‌ಲೈನ್ ವಿಧಾನದಲ್ಲಿ ಬೋಧಿಸುವುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗವು 2025ರ ಜುಲೈ-ಆಗಸ್ಟ್ ಪ್ರವೇಶದಿಂದ ತಡೆದಿದೆ. ಮನಃಶಾಸ್ತ್ರವೂ ಅವುಗಳಲ್ಲೊಂದು. ಯಾವ ಮಧ್ಯವರ್ತಿ ಏನೇ ಹೇಳಿದರೂ ಆಯೋಗದ ಜಾಲತಾಣವನ್ನು ನೋಡದೆ ಶುಲ್ಕ ಕಟ್ಟಬಾರದು.

ಭಾಷೆಯ ಪ್ರಶ್ನೆ ನಮ್ಮ ಮಕ್ಕಳಿಗೆ ಮುಖ್ಯ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ನಡೆಯುವ ಸಿಯುಇಟಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಸ್ನಾತಕೋತ್ತರ ಹಂತದಲ್ಲಿ ಮನಃಶಾಸ್ತ್ರದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಾಗಾಗಿ ಪದವಿಯ ಮೂರು ವರ್ಷಗಳಲ್ಲಿ ಇಂಗ್ಲಿಷ್ ಪರಿಭಾಷೆಯನ್ನು ಕ್ರಮವಾಗಿ ರೂಢಿಸಿಕೊಳ್ಳುವುದು ಅಗತ್ಯ. ಕರ್ನಾಟಕದಲ್ಲಿ ಸೇರಬಯಸುವವರು, ವೃತ್ತಿಶಿಕ್ಷಣದಲ್ಲಿ ಗಡಿನಾಡು ಕನ್ನಡಿಗರಿಗಿರುವ ಅರ್ಹತಾ ನಿಯಮ ಇಲ್ಲಿಯೂ ಅನ್ವಯಿಸುವುದೆಂದು ಭಾವಿಸದೆ, ಆಯಾ ವಿಶ್ವವಿದ್ಯಾಲಯದ ಅಧಿಸೂಚನೆಯನ್ನು ಓದಬೇಕು.

ಇಂಗ್ಲಿಷ್ ಬೇಕೆಂದ ಮಾತ್ರಕ್ಕೆ ಕನ್ನಡ ಮಾಧ್ಯಮದ ಓದು ಹಿನ್ನಡೆಯೆಂದು ತಿಳಿಯಬೇಕಾಗಿಲ್ಲ. ಕಾರ್ಮಿಕನ ಅಳಲನ್ನು ಅವನದೇ ಮಾತಿನಲ್ಲಿ ಕೇಳಿ ಆಡಳಿತಕ್ಕೆ ಅದರ ಭಾಷೆಯಲ್ಲಿ ತಿಳಿಸುವುದು ಈ ವೃತ್ತಿಯ ದಿನನಿತ್ಯದ ಕೆಲಸ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಮಲಯಾಳಂ, ತಮಿಳು ಅಥವಾ ತೆಲುಗು ಆಡುತ್ತ ಬೆಳೆದ ನಮ್ಮ ಮಕ್ಕಳಿಗೆ ಅದರ ಅಭ್ಯಾಸ ಬಾಲ್ಯದಿಂದಲೇ ಇದೆ.