ಅಕ್ಕಿ ಒಂದೇ, ಬೆಲೆ ಹಲವು

ಅಕ್ಕಿಯ ಬೆಲೆಯು ದೇಶದಿಂದ ದೇಶಕ್ಕೆ ಬೇರೆಯಾಗುವುದೇಕೆಂಬುದನ್ನು ವಾಚಕರಲ್ಲಿ ಸಂಕ್ಷೇಪವಾಗಿ ಅರಿಕೆಮಾಡುವೆವು. ಲೋಕದಲ್ಲಿ ಬೆಳೆಯುವ ಅಕ್ಕಿಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರವೇ ಗಡಿಯನ್ನು ದಾಟುತ್ತದೆ. ಆದುದರಿಂದ ಆಯಾ ನಾಡಿನ ಬೆಳೆಯೂ ಕಟ್ಟಳೆಯೂ ಅಲ್ಲಿಯ ಬೆಲೆಯನ್ನು ನಿರ್ಣಯಿಸುತ್ತವೆ.

ಜಪಾನು ನಿಯತ ಪ್ರಮಾಣವನ್ನು ಮೀರಿ ಬರುವ ಪರದೇಶದ ಅಕ್ಕಿಗೆ ಕಿಲೋಗ್ರಾಮಿಗೆ 341 ಯೆನ್ ಸುಂಕವನ್ನು ವಿಧಿಸಿ ತನ್ನ ರೈತರನ್ನು ಕಾಯುತ್ತದೆ. ಆದರೆ ಅಲ್ಲಿಯೇ ಅಭಾವವುಂಟಾಗಲು, 2025ರ ಮೇ ತಿಂಗಳಲ್ಲಿ 5 ಕಿಲೋ ಅಕ್ಕಿಯ ಬೆಲೆಯು 4,200 ಯೆನ್ನನ್ನು ಮೀರಿ, ಹಿಂದಿನ ವರ್ಷದ ಇಮ್ಮಡಿಯಾಯಿತು.

ಭಾರತವು 2023ರ ಜುಲೈಯಲ್ಲಿ ಬಾಸುಮತಿಯಲ್ಲದ ಬಿಳಿಯಕ್ಕಿಯ ರಫ್ತನ್ನು ನಿಷೇಧಿಸಿತು. ಇಲ್ಲಿಯ ಗೃಹಿಣಿಯ ಹಿತಕ್ಕಾಗಿ ಮಾಡಿದ ಈ ಕಟ್ಟಳೆಯು, ಕೊಂಡುಣ್ಣುವ ಪರದೇಶಗಳಲ್ಲಿ ಬೆಲೆಯನ್ನೇರಿಸಿತು. 2024ರ ಸೆಪ್ಟೆಂಬರಿನಲ್ಲಿ ಅದು ರದ್ದಾಯಿತು.

ಸುಂಕವು ರೈತನನ್ನು ಕಾಯ್ದರೆ ಕೊಳ್ಳುವವನು ತೆರುವನು. ನಿಷೇಧವು ಕೊಳ್ಳುವವನನ್ನು ಕಾಯ್ದರೆ ರೈತನು ತೆರುವನು. ಅಂಗಡಿಯಲ್ಲಿ ಅಗ್ಗವನ್ನು ಕಂಡು ಹಿಗ್ಗುವಾಗ, ಅದಕ್ಕೆ ಯಾರು ತೆತ್ತರೆಂಬುದನ್ನೂ ನಾವು ವಿಚಾರಿಸಬೇಕಲ್ಲವೆ?