ಚೆನ್ನೆಮಣೆಯ ತವರು ಯಾವುದು?

ತುಳುನಾಡಿನ ಚೆನ್ನೆಮಣೆಯೂ ಘಟ್ಟದ ಮೇಲಣ ಅಳಗುಳಿಮಣೆಯೂ ಒಂದೇ ಆಟವೆಂಬುದು ವಾಚಕರಿಗೆ ವಿದಿತವಷ್ಟೆ. ಎರಡು ಸಾಲು, ಸಾಲಿಗೆ ಏಳು ಕುಳಿ, ಸಾಮಾನ್ಯವಾಗಿ ಕುಳಿಗೆ ನಾಲ್ಕರಂತೆ 56 ಕಾಳು. ಒಂದು ಕುಳಿಯ ಕಾಳುಗಳನ್ನೆತ್ತಿ ಮುಂದಿನವುಗಳಲ್ಲಿ ಒಂದೊಂದಾಗಿ ಬಿಡುತ್ತ ಹೋಗುವುದೇ ಆಟದ ಮರ್ಮ.

ಇದು ನಮ್ಮಲ್ಲಿಯೇ ಹುಟ್ಟಿತೆಂದು ಕೆಲವು ಅಭಿಮಾನಿಗಳು ಸಾಧಿಸುವುದುಂಟು. ದೇವಾಲಯಗಳ ಹಾಸುಗಲ್ಲಿನ ಕುಳಿಗಳೇ ಅವರಿಗೆ ಪ್ರಮಾಣ. ಆದರೆ ಗುಡಿ ಕಟ್ಟಿದ ಶತಮಾನಗಳ ತರುವಾಯವೂ ಕುಳಿ ಕೊರೆಯಬಹುದಲ್ಲವೆ? ಅತ್ತ ಘಾನಾದವರು 12 ಕುಳಿಗಳಲ್ಲಿ 48 ಬೀಜಗಳನ್ನಿಟ್ಟು ‘ಓವಾರೆ’ ಆಡುತ್ತಾರೆ. ಜಾಂಜಿಬಾರಿನ ‘ಬಾವೋ’ ಮಣೆಗೆ ನಾಲ್ಕು ಸಾಲು, 32 ಕುಳಿ. ಕಜಾಕರ ಆಟಕ್ಕೆ 162 ಗುಂಡುಗಳು. ಇವುಗಳಲ್ಲಿ ತಾಯಿ ಯಾವುದು, ಮಕ್ಕಳು ಯಾವುವು ಎಂಬುದನ್ನು ವಿದ್ವಾಂಸರು ಇನ್ನೂ ನಿರ್ಣಯಿಸಿಲ್ಲ.

ಕಜಾಕಸ್ತಾನ, ಕಿರ್ಗಿಜಸ್ತಾನ, ತುರ್ಕಿಗಳು ತವರಿನ ವ್ಯಾಜ್ಯವನ್ನು ಮುಂದುಮಾಡದೆ, 2020ರಲ್ಲಿ ತಮ್ಮ ಆಟಗಳನ್ನು ಒಟ್ಟಾಗಿಯೇ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿದವು. ಈ ವಿವೇಕವು ನಮಗೂ ಅನುಕರಣೀಯವಾದುದು. ಆಟವು ನಮ್ಮದೇ ಎಂದು ವಾದಿಸುವವರ ಮನೆಯಲ್ಲಿಯೇ ಮಣೆಯು ಅಟ್ಟದ ಮೇಲೆ ಧೂಳು ಹಿಡಿದಿದ್ದರೆ ಆ ವಾದದಿಂದ ಫಲವೇನು? ಅದನ್ನು ಕೆಳಗಿಳಿಸಿ, ಒರೆಸಿ, ಮಕ್ಕಳ ಕೈಗೆ ಕಾಳು ಕೊಡತಕ್ಕುದು ಹಿರಿಯರ ಕರ್ತವ್ಯವಾಗಿದೆ.