ಮುಚ್ಚಲಿದ್ದ ಕಾಲೇಜು ಉಳಿಸಿದ ಹಳೆ ವಿದ್ಯಾರ್ಥಿನಿಯರು

ಅಮೆರಿಕದ ವರ್ಜೀನಿಯಾ ರಾಜ್ಯದ ಹಳ್ಳಿಗಾಡಿನಲ್ಲಿ ಸ್ವೀಟ್ ಬ್ರಯರ್ ಎಂಬ ಸಣ್ಣ ಮಹಿಳಾ ಕಾಲೇಜು ಇದೆ. ಅಕಾಲದಲ್ಲಿ ತೀರಿಕೊಂಡ ಮಗಳು ಡೈಸಿಯ ನೆನಪಿಗಾಗಿ ಇಂಡಿಯಾನಾ ಫ್ಲೆಚರ್ ವಿಲಿಯಮ್ಸ್ ಎಂಬ ಮಹಿಳೆ ಉಯಿಲಿನಲ್ಲಿ ಬರೆದಿಟ್ಟ ಆಸ್ತಿಯಿಂದ 1901ರಲ್ಲಿ ಇದು ಸ್ಥಾಪನೆಯಾಯಿತು. ಮೂರು ಸಾವಿರ ಎಕರೆಗೂ ಮಿಕ್ಕಿದ ಭೂಮಿ, ಎಂಟು ಕೋಟಿ ಡಾಲರಿಗೂ ಹೆಚ್ಚಿನ ದತ್ತಿನಿಧಿ. ಇಷ್ಟಿದ್ದೂ 2015ರ ಮಾರ್ಚ್ 3ರಂದು ಆಡಳಿತ ಮಂಡಳಿಯು ಆ ವರ್ಷವೇ ಕಾಲೇಜನ್ನು ಮುಚ್ಚುವುದಾಗಿ ಪ್ರಕಟಿಸಿತು.

ದುಡ್ಡಿದ್ದೂ ಬಾಗಿಲು ಹಾಕುವುದೇಕೆ? ಸಂಘ ಸಂಸ್ಥೆಗಳ ಕೋಶಾಧಿಕಾರಿಗಳಿಗೆ ಇದು ಬೇಗ ಅರ್ಥವಾದೀತು. ದತ್ತಿನಿಧಿಯ ಬಹುಪಾಲು ದಾನಿಗಳು ಷರತ್ತು ಹಾಕಿ ಕೊಟ್ಟ ಹಣ. ವಿದ್ಯಾರ್ಥಿವೇತನಕ್ಕೆಂದು ಬಂದದ್ದನ್ನು ಸಂಬಳಕ್ಕೆ ಬಳಸುವಂತಿಲ್ಲ. ಸೇರುವವರು ಕಡಿಮೆ, ಸೇರಿದವರಿಗೂ ಶುಲ್ಕದಲ್ಲಿ ಭಾರೀ ರಿಯಾಯಿತಿ. ಪಾಸ್‌ಬುಕ್ಕಿನಲ್ಲಿ ಅಂಕಿ ದೊಡ್ಡದು, ಕೈಗೆ ಸಿಗುವುದು ಚಿಲ್ಲರೆ.

ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಮಕ್ಕಳಿಲ್ಲದೆ ಒಂದೊಂದಾಗಿ ಮುಚ್ಚಿದಾಗ ಹಳಬರು ಮರುಗಿದ್ದುಂಟು, ಆದರೆ ತಡೆದವರು ವಿರಳ. ಸ್ವೀಟ್ ಬ್ರಯರಿನ ಹಳೆ ವಿದ್ಯಾರ್ಥಿನಿಯರು ಮರುಗುತ್ತಾ ಕೂರಲಿಲ್ಲ. ಸಂಘಟನೆ ಕಟ್ಟಿ ದೇಣಿಗೆಯ ವಾಗ್ದಾನ ಎತ್ತಿದರು. ಕೌಂಟಿಯ ಸರಕಾರಿ ವಕೀಲೆ ನ್ಯಾಯಾಲಯದ ಮೆಟ್ಟಿಲೇರಿದರು. ಉಯಿಲಿನಿಂದ ಹುಟ್ಟಿದ ಸಂಸ್ಥೆಯನ್ನು ಮಂಡಳಿಯು ತನ್ನಿಚ್ಛೆಯಂತೆ ಮುಚ್ಚಬಾರದೆಂಬುದು ಅವರ ವಾದ. ಜೂನ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ಮಧ್ಯಸ್ಥಿಕೆಯಲ್ಲಿ ರಾಜಿಯಾಯಿತು. ಹಳೆ ವಿದ್ಯಾರ್ಥಿನಿಯರು 1.2 ಕೋಟಿ ಡಾಲರ್ ತರಬೇಕು, ದತ್ತಿನಿಧಿಯ 1.6 ಕೋಟಿ ಡಾಲರಿನ ಮೇಲಿನ ಷರತ್ತು ಸಡಿಲಿಸಬೇಕು, ಅಧ್ಯಕ್ಷರೂ ಮಂಡಳಿಯ ಬಹುತೇಕರೂ ಬದಲಾಗಬೇಕು. ವಾಗ್ದಾನದ ಹಣ ಅವಧಿಯೊಳಗೇ ಬಂತು. ಮಾತು ಕೊಟ್ಟವರೆಲ್ಲ ದುಡ್ಡು ಕೊಡುವುದು ಎಲ್ಲೂ ಅಪರೂಪವೇ.

ಹೊಸ ಅಧ್ಯಕ್ಷ ಫಿಲಿಪ್ ಸ್ಟೋನ್ ಅವರಿಗೆ ಮೊದಲು ಬಾಗಿಲು ತೆರೆದಿಡುವುದೇ ಕೆಲಸವಾಯಿತು. ಅಷ್ಟರಲ್ಲಿ ಅನೇಕರು ಬೇರೆ ಕಾಲೇಜು ಸೇರಿದ್ದರು. ಆ ವರ್ಷ ಉಳಿದ ವಿದ್ಯಾರ್ಥಿನಿಯರು 250ಕ್ಕೂ ಕಡಿಮೆ.

ನಿಜವಾದ ಬದಲಾವಣೆ 2017ರಲ್ಲಿ ಮೆರೆಡಿತ್ ವೂ ಅಧ್ಯಕ್ಷೆಯಾದ ಮೇಲೆ. ದೇಣಿಗೆಯಿಂದ ಉಸಿರು ಬರುತ್ತದೆ, ಸಂಸಾರ ನಡೆಯದು ಎಂಬುದನ್ನು ಬಲ್ಲವರಂತೆ ಅವರು ನಡೆದುಕೊಂಡರು. ಶುಲ್ಕ ಹೆಚ್ಚು ಬರೆದು ರಿಯಾಯಿತಿ ಕೊಡುವ ಆಟ ಬಿಟ್ಟು, ಊಟ ವಸತಿ ಸೇರಿ ವರ್ಷಕ್ಕೆ ಸುಮಾರು 50 ಸಾವಿರ ಡಾಲರ್ ಇದ್ದುದನ್ನು 2018ರಿಂದ 34 ಸಾವಿರಕ್ಕೆ ಇಳಿಸಿದರು. ವಿಭಾಗಗಳನ್ನು ತೆಗೆದು ಮೂರು ಕೇಂದ್ರಗಳಲ್ಲಿ ಬೆಸೆದರು. ಮಹಿಳಾ ನಾಯಕತ್ವದ ಪಠ್ಯ ಎಲ್ಲರಿಗೂ ಕಡ್ಡಾಯವಾಯಿತು. ಹನ್ನೆರಡು ವಾರಗಳ ಸೆಮಿಸ್ಟರುಗಳ ಜೊತೆಗೆ ಮೂರು ವಾರಗಳ ಕಿರು ಅವಧಿಗಳು ಬಂದವು. ಮಹಿಳಾ ಕಾಲೇಜುಗಳಲ್ಲಿ ವಿರಳವಾದ ಎಂಜಿನಿಯರಿಂಗ್ ಪದವಿಯನ್ನು ಮುಂದೊತ್ತಿದರು. ಸುಮ್ಮನೆ ಬಿದ್ದಿದ್ದ ನೆಲದಲ್ಲಿ ದ್ರಾಕ್ಷಿ ತೋಟ, ಹಸಿರುಮನೆ, ಜೇನು ಸಾಕಣೆ ಎದ್ದವು. ಇದೆಲ್ಲ ನೋವಿಲ್ಲದೆ ಆಗಲಿಲ್ಲ. ಕೆಲವು ಅಧ್ಯಾಪಕ ಹುದ್ದೆಗಳೂ ಹೋದವು. ಉಳಿಸಿದವರ ಪ್ರೀತಿಯ ಕಾಲೇಜು ಹಳೆಯ ರೂಪದಲ್ಲೇ ಉಳಿಯಲಿಲ್ಲ ಎಂಬುದೂ ನಿಜ.

2023ರಲ್ಲಿ ಮೇರಿ ಪೋಪ್ ಹಟ್ಸನ್ ಅಧ್ಯಕ್ಷೆಯಾದರು. ಈ ಕಾಲೇಜಿನಲ್ಲೇ ಓದಿ ಆ ಕುರ್ಚಿಗೆ ಬಂದ ಮೊದಲಿಗರು ಅವರು.